ಕಾಲೇಜ್ ಫುಟ್‌ಬಾಲ್ ಬೌಲ್ ಸೀಸನ್: ಯಾವ ಮ್ಯಾಚ್ ನೋಡಬೇಕು, ಯಾರು ಆಡ್ತಿಲ್ಲ, ಆಯ್ಕೆ ನ್ಯಾಯವಾಗಿತ್ತಾ ಅಂತ ಅಳೆಯುವುದು ಹೇಗೆ

ಡಿಸೆಂಬರ್ ಆರಂಭದ ಒಂದು ಭಾನುವಾರ ಮಧ್ಯಾಹ್ನ ಅಮೆರಿಕದ ಕಾಲೇಜ್ ಫುಟ್‌ಬಾಲ್ ಪ್ಲೇಆಫ್ ಪಟ್ಟಿ ಟಿವಿಯಲ್ಲಿ ಬರುತ್ತದೆ. 12 ತಂಡಗಳಿಗೆ ಮಾತ್ರ ಜಾಗ. ಮರುದಿನ ಆಫೀಸಿನಲ್ಲಿ, ಮಕ್ಕಳ ಸ್ಕೂಲ್ ಗೇಟಿನ ಹತ್ತಿರ ಎಲ್ಲ ಕಡೆ ಅದೇ ಮಾತು. ಯಾರಿಗೆ ಅನ್ಯಾಯ ಆಯ್ತು, ಯಾರು ಹೇಗೋ ಒಳಗೆ ಬಂದರು, ಯಾವ ಹುಡುಗ ಬೌಲ್ ಮ್ಯಾಚ್ (ಸೀಸನ್ ಮುಗಿದ ಮೇಲೆ ಬೇರೆ ಬೇರೆ ಊರುಗಳಲ್ಲಿ ನಡೆಯುವ ವಿಶೇಷ ಮ್ಯಾಚ್) ಆಡಲ್ಲ ಅಂದ. ಹೊಸದಾಗಿ ಇಲ್ಲಿಗೆ ಬಂದ ಕನ್ನಡದವರಿಗೆ ಇದರ ತಲೆಬುಡ ಗೊತ್ತಾಗುವುದಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡೌನ್ ಅಂದರೇನು, ಟಚ್‌ಡೌನ್‌ಗೆ ಎಷ್ಟು ಪಾಯಿಂಟ್ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಸೀಸನ್ ಕೊನೆಯ ಈ ಗಲಾಟೆಯನ್ನು ಕೂರಿಸಿಕೊಂಡು ಹೇಳುವವರು ಕಮ್ಮಿ.

ನಾನು ಹಾಸನದವಳು. ಈಗಿರುವುದು ಒಹಾಯೊದ ಕೊಲಂಬಸ್ ಪಕ್ಕದ ಡಬ್ಲಿನ್‌ನಲ್ಲಿ. ಇಲ್ಲಿ ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಮಗಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಹಾಗಾಗಿ ನಮ್ಮ ಮನೆಗೆ ಫುಟ್‌ಬಾಲ್ ಬಂದಿದ್ದು ಬ್ಯಾಂಡಿನ ಹಿಂದೆ. ನಾನು ಒಹಾಯೊ ಸ್ಟೇಟ್ ಕಡೆಯವಳು ಅಂತ ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಕೊಡುವ ಅಳತೆಗೋಲು ನಮ್ಮ ತಂಡಕ್ಕೂ ಒಂದೇ. ಅದಕ್ಕೆ ಕಹಿಯಾದರೂ ಸರಿ.

ಮೊದಲು ಮ್ಯಾಚ್‌ಗಳನ್ನು ಬೇರೆ ಮಾಡಿ

ಡಿಸೆಂಬರ್ ಮಧ್ಯದಿಂದ ಜನವರಿ ಮೂರನೇ ವಾರದ ತನಕ ಸುಮಾರು 40 ಬೌಲ್ ಮ್ಯಾಚ್‌ಗಳು ನಡೆಯುತ್ತವೆ. ಎಲ್ಲವೂ ಒಂದೇ ತೂಕದವಲ್ಲ. ಒಂದು ಹಾಳೆ ತೆಗೆದುಕೊಂಡು ಎರಡು ಭಾಗ ಮಾಡಿ.

ಎಡಕ್ಕೆ ಪ್ಲೇಆಫ್. ಒಟ್ಟು 11 ಮ್ಯಾಚ್. ಮೊದಲ ಸುತ್ತಿನ ನಾಲ್ಕು ಮ್ಯಾಚ್ ಕಾಲೇಜಿನ ಸ್ವಂತ ಮೈದಾನದಲ್ಲಿ. ಆಮೇಲೆ ನಾಲ್ಕು ಕ್ವಾರ್ಟರ್‌ಫೈನಲ್, ಎರಡು ಸೆಮಿಫೈನಲ್. ಈ ಆರು ಮ್ಯಾಚ್‌ಗಳನ್ನು ಹಳೆಯ ಆರು ದೊಡ್ಡ ಬೌಲ್‌ಗಳಿಗೆ ಹಂಚುತ್ತಾರೆ: ರೋಸ್, ಶುಗರ್, ಆರೆಂಜ್, ಕಾಟನ್, ಫಿಯೆಸ್ಟಾ, ಪೀಚ್. ಕೊನೆಗೆ ಫೈನಲ್. ಅದು ಪ್ರತಿ ವರ್ಷ ಬೇರೆ ಊರಿನಲ್ಲಿ. ಪೂರ್ವ ಅಮೆರಿಕದ ಸಮಯ ಸಂಜೆ ಏಳೂವರೆಗೆ ಶುರುವಾದರೆ ಭಾರತದಲ್ಲಿ ಮರುದಿನ ಬೆಳಗಿನ ಆರು ಗಂಟೆ. ಹಾಸನದಲ್ಲಿರುವ ನನ್ನ ತಮ್ಮ ಕಾಫಿ ಕುಡಿಯುತ್ತಾ ನೋಡಬಹುದು.

ಬಲಕ್ಕೆ ಉಳಿದ ಎಲ್ಲ ಬೌಲ್‌ಗಳು. 12 ಮ್ಯಾಚ್‌ಗಳಲ್ಲಿ ಆರು ಗೆದ್ದ ತಂಡಕ್ಕೆ ಇಲ್ಲಿ ಆಡುವ ಅರ್ಹತೆ. ಇವುಗಳಲ್ಲಿ ಗೆದ್ದರೆ ಒಂದು ಕಪ್, ಒಂದು ಒಳ್ಳೆಯ ನೆನಪು. ಚಾಂಪಿಯನ್‌ಶಿಪ್‌ಗೂ ಇವಕ್ಕೂ ಸಂಬಂಧ ಇಲ್ಲ.

ಮೊದಲಿಂದ ಹೀಗಿರಲಿಲ್ಲ. ಮೊದಲ ರೋಸ್ ಬೌಲ್ ನಡೆದಿದ್ದು 1902ರ ಜನವರಿ 1ರಂದು, ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ. ಮಿಶಿಗನ್ ತಂಡ ಸ್ಟ್ಯಾನ್‌ಫರ್ಡ್ ವಿರುದ್ಧ 49-0 ಗೆದ್ದಿತು. ಆಮೇಲೆ ಬಿಸಿಲಿನ ಊರುಗಳೆಲ್ಲ ಚಳಿಗಾಲದಲ್ಲಿ ಜನರನ್ನು ಕರೆಸಲು ತಮ್ಮದೂ ಒಂದು ಬೌಲ್ ಇರಲಿ ಅಂತ ಶುರುಮಾಡಿದವು. ಬಹಳ ವರ್ಷ ದೇಶಕ್ಕೆ ಯಾರು ಚಾಂಪಿಯನ್ ಅಂತ ಹೇಳುತ್ತಿದ್ದವರು ಪತ್ರಕರ್ತರು ಮತ್ತು ಕೋಚ್‌ಗಳು, ಅದೂ ವೋಟು ಹಾಕಿ. 1997ರಲ್ಲಿ ಪತ್ರಕರ್ತರು ಮಿಶಿಗನ್ ಅಂದರು, ಕೋಚ್‌ಗಳು ನೆಬ್ರಾಸ್ಕಾ ಅಂದರು. ಎರಡೂ ಸೋಲದ ತಂಡಗಳು. ಒಂದಕ್ಕೊಂದು ಆಡಲೇ ಇಲ್ಲ. 1998ರಿಂದ ಇಬ್ಬರನ್ನು ಆರಿಸಿ ಫೈನಲ್ ಆಡಿಸುವ ಪದ್ಧತಿ ಬಂತು. 2014ರಿಂದ ನಾಲ್ಕು ತಂಡ. 2024ರಿಂದ 12. ಜಾಗ ಜಾಸ್ತಿ ಆದಷ್ಟೂ ಜಗಳ ಕಮ್ಮಿ ಆಗುತ್ತದೆ ಅಂದುಕೊಂಡಿದ್ದರು. ಜಗಳ ಎರಡನೇ ನಂಬರಿನಿಂದ ಹನ್ನೆರಡನೇ ನಂಬರಿಗೆ ಇಳಿಯಿತು, ಅಷ್ಟೇ.

ಯಾರು ಆಡ್ತಿಲ್ಲ ಅಂತ ನೋಡಿ ಆಮೇಲೆ ಟಿವಿ ಹಾಕಿ

ಬಲಭಾಗದ ಮ್ಯಾಚ್ ನೋಡುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಮ್ಯಾಚಿಗೆ ಎರಡು ದಿನ ಇರುವಾಗ ಆ ಊರಿನ ಪತ್ರಿಕೆಯ ವರದಿ ಓದಿ. ಯಾರು ಆಡುವುದಿಲ್ಲ ಅಂತ ಪಟ್ಟಿ ಇರುತ್ತದೆ. ಆ ಹೆಸರುಗಳ ಮುಂದೆ ಕಾರಣ ಬರೆದುಕೊಳ್ಳಿ. ಗಾಯವಾ? ಬೇರೆ ಕಾಲೇಜಿಗೆ ಹೋಗಲು ಟ್ರಾನ್ಸ್‌ಫರ್ ಪೋರ್ಟಲ್ ಸೇರಿದನಾ? ಎನ್‌ಎಫ್‌ಎಲ್ ಡ್ರಾಫ್ಟಿಗೆ (ವೃತ್ತಿಪರ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವುದು) ತಯಾರಾಗಲು ತಾನೇ ಹಿಂದೆ ಸರಿದನಾ? ಈ ಮೂರನೆಯದಕ್ಕೆ ಆಪ್ಟ್ ಔಟ್ ಅನ್ನುತ್ತಾರೆ. ಈಗ ಪೋರ್ಟಲ್‌ಗೆ ಹೋದವರನ್ನೂ ಅದೇ ಲೆಕ್ಕಕ್ಕೆ ಸೇರಿಸಿ ಮಾತಾಡುತ್ತಾರೆ. ಕಾರಣಗಳು ಬೇರೆ ಬೇರೆ. ಬೇರೆಯಾಗಿಯೇ ಇಡಿ.

ನಾಲ್ಕನೇ ಸಾಲು ಕೋಚ್‌ಗೆ ಮೀಸಲಿಡಿ. ಬಹಳ ಜನ ಇದನ್ನು ಬರೆಯುವುದೇ ಇಲ್ಲ.

ಹುಡುಗರು ಯಾಕೆ ಆಡುವುದಿಲ್ಲ ಅನ್ನುತ್ತಾರೆ ಅಂತ ತಿಳಿಯಲು ಒಂದೇ ಮ್ಯಾಚ್ ಸಾಕು. 2016ರ ಜನವರಿ 1, ಫಿಯೆಸ್ಟಾ ಬೌಲ್. ಒಹಾಯೊ ಸ್ಟೇಟ್ 44, ನೋಟರ್ ಡೇಮ್ 28. ಪ್ಲೇಆಫ್‌ಗೆ ಸಂಬಂಧ ಇಲ್ಲದ ಮ್ಯಾಚ್. ನಮ್ಮ ಕಡೆಯ ಎಜೆಕಿಯಲ್ ಎಲಿಯಟ್ ನಾಲ್ಕು ಟಚ್‌ಡೌನ್ ಹೊಡೆದ. ಆ ಕಡೆಯ ಜೇಲನ್ ಸ್ಮಿತ್ ಆ ವರ್ಷದ ಅತಿ ಒಳ್ಳೆಯ ಡಿಫೆಂಡರ್‌ಗಳಲ್ಲಿ ಒಬ್ಬ. ಡ್ರಾಫ್ಟಿನಲ್ಲಿ ಮೊದಲ ಐದರೊಳಗೆ ಹೋಗುತ್ತಾನೆ ಅಂತ ಮಾತಿತ್ತು. ಮೊದಲ ಕ್ವಾರ್ಟರ್‌ನಲ್ಲೇ ಅವನ ಮಂಡಿಯ ಲಿಗಮೆಂಟ್‌ಗಳು ಹರಿದವು. ನರಕ್ಕೂ ಪೆಟ್ಟಾಯಿತು. ನಾಲ್ಕು ತಿಂಗಳ ನಂತರ ಡ್ರಾಫ್ಟ್. ಡಲ್ಲಾಸ್ ತಂಡ ಇಬ್ಬರನ್ನೂ ತೆಗೆದುಕೊಂಡಿತು. ಎಲಿಯಟ್ ನಾಲ್ಕನೆಯವನು, ಸ್ಮಿತ್ 34ನೆಯವನು. ಎಲಿಯಟ್‌ನ ನಾಲ್ಕು ವರ್ಷದ ಒಪ್ಪಂದ ಸುಮಾರು ಎರಡೂವರೆ ಕೋಟಿ ಡಾಲರ್. ಸ್ಮಿತ್‌ದು ಸುಮಾರು 65 ಲಕ್ಷ ಡಾಲರ್. ಮೊದಲ ವರ್ಷ ಅವನಿಗೆ ಮೈದಾನಕ್ಕೆ ಇಳಿಯಲೂ ಆಗಲಿಲ್ಲ. ಛಲ ಬಿಡದೆ ವಾಪಸ್ ಬಂದ, ಚೆನ್ನಾಗಿ ಆಡಿದ. ಆದರೆ ಹೋದ ದುಡ್ಡು ಹೋಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಯ (ಎಲ್‌ಎಸ್‌ಯು) ಲಿಯೊನಾರ್ಡ್ ಫೋರ್ನೆಟ್ ಮತ್ತು ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಬೌಲ್ ಆಡುವುದಿಲ್ಲ ಅಂದರು. ದೊಡ್ಡ ಗದ್ದಲ ಆಯಿತು. ತಂಡಕ್ಕೆ ಬೆನ್ನು ತೋರಿಸಿದರು ಅಂತ ಟಿವಿಯಲ್ಲಿ ಹಿರಿಯರು ಬೈದರು. ಆ ಗದ್ದಲ ಇನ್ನೂ ಆರುವ ಮೊದಲೇ ಆರೆಂಜ್ ಬೌಲ್‌ನಲ್ಲಿ ಮಿಶಿಗನ್‌ನ ಜೇಕ್ ಬಟ್‌ಗೆ ಮಂಡಿ ಲಿಗಮೆಂಟ್ ಹರಿಯಿತು. ಅವನು ಡ್ರಾಫ್ಟಿನ ಐದನೇ ಸುತ್ತಿಗೆ ಜಾರಿದ. ಫೋರ್ನೆಟ್ ನಾಲ್ಕನೆಯವನಾಗಿ, ಮೆಕ್‌ಕ್ಯಾಫ್ರಿ ಎಂಟನೆಯವನಾಗಿ ಆಯ್ಕೆಯಾದರು.

ನನಗೆ ಗಂಡು ಮಗ ಇದ್ದು ಅವನು ಇಪ್ಪತ್ತೊಂದನೇ ವಯಸ್ಸಿನಲ್ಲಿ ಈ ಪ್ರಶ್ನೆ ಕೇಳಿದ್ದರೆ ಆಡಬೇಡ ಕಣೋ ಅಂತಲೇ ಹೇಳುತ್ತಿದ್ದೆ. ಆಡಿದವನನ್ನು ಮೆಚ್ಚುತ್ತೇನೆ. ಆಡದವನನ್ನು ಬೈಯಲು ನನಗೆ ಹಕ್ಕಿಲ್ಲ. 2024ರಲ್ಲಿ ಕೊಲರಾಡೊದ ಟ್ರಾವಿಸ್ ಹಂಟರ್ ಆಗಷ್ಟೇ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದಿದ್ದ. ಅವನೂ ಷೆಡೂರ್ ಸ್ಯಾಂಡರ್ಸ್‌ನೂ ಅಲಾಮೊ ಬೌಲ್ ಆಡಿದರು, ವಿಮೆ ಮಾಡಿಸಿಕೊಂಡು. ಬಿವೈಯು (ಬ್ರಿಗಮ್ ಯಂಗ್ ಯೂನಿವರ್ಸಿಟಿ) ಎದುರು 36-14 ಸೋತರು. ಅವರಿಗೂ ನನ್ನ ಚಪ್ಪಾಳೆ.

ಈಗ ಆ ನಾಲ್ಕನೇ ಸಾಲು. 2021ರ ನವೆಂಬರ್ ಕೊನೆಯಲ್ಲಿ ನೋಟರ್ ಡೇಮ್ 11 ಗೆದ್ದು ಒಂದು ಸೋತಿತ್ತು. ಪ್ಲೇಆಫ್ ಆಸೆ ಇನ್ನೂ ಬಾಕಿ ಇತ್ತು. ಕೋಚ್ ಬ್ರಯನ್ ಕೆಲಿ ಎಲ್‌ಎಸ್‌ಯುಗೆ ಹೊರಟುಬಿಟ್ಟರು. 2025ರಲ್ಲಿ ಓಲ್ ಮಿಸ್ (ಮಿಸಿಸಿಪ್ಪಿ ಯೂನಿವರ್ಸಿಟಿ) ತಂಡ ಪ್ಲೇಆಫ್‌ಗೆ ಬರುವುದು ಖಚಿತ ಅನ್ನುವ ಹೊತ್ತಿಗೆ ಕೋಚ್ ಲೇನ್ ಕಿಫಿನ್ ಅದೇ ಎಲ್‌ಎಸ್‌ಯುಗೆ ಹೋದರು. ಹುಡುಗರು ಉಳಿದು ಆಡಿದರು. ಸೆಮಿಫೈನಲ್ ತನಕ ಹೋದರು. ಹುಡುಗನನ್ನು ಸ್ವಾರ್ಥಿ ಅನ್ನುವವರು ಆ ಮಾತನ್ನು ಮೊದಲು ಕೋಟ್ಯಂತರ ಡಾಲರ್ ಸಂಬಳದ ಕೋಚ್‌ಗೆ ಹೇಳಲಿ.

ಒಂದು ವಿಷಯ ಗಮನಿಸಿ. ಪ್ಲೇಆಫ್ ಮ್ಯಾಚ್‌ಗಳಲ್ಲಿ ಆಪ್ಟ್ ಔಟ್ ಬಹಳ ಅಪರೂಪ. ಹುಡುಗರಿಗೆ ಆಟದ ಮೇಲೆ ಪ್ರೀತಿ ಇಲ್ಲ ಅನ್ನುವ ಮಾತು ಸುಳ್ಳು ಅಂತ ಇದರಿಂದಲೇ ಗೊತ್ತಾಗುತ್ತದೆ. ನಮ್ಮ ತಂಡವನ್ನೇ ನೋಡಿ. 2023ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಕಾಟನ್ ಬೌಲ್. ಪ್ಲೇಆಫ್ ಅಲ್ಲ. ಮಾರ್ವಿನ್ ಹ್ಯಾರಿಸನ್ ಜೂನಿಯರ್ ಆಡಲಿಲ್ಲ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕೈಲ್ ಮೆಕಾರ್ಡ್ ಬೇರೆ ಕಾಲೇಜಿಗೆ ಹೊರಟಿದ್ದ. ಮಿಸೌರಿ ವಿರುದ್ಧ ಇಡೀ ಮ್ಯಾಚಿನಲ್ಲಿ ಮೂರೇ ಪಾಯಿಂಟ್, 14-3 ಸೋಲು. ಆದರೆ ಆ ತಂಡದ ಜ್ಯಾಕ್ ಸಾಯರ್, ಎಮೆಕಾ ಎಗ್ಬುಕಾ, ಟ್ರೆವಿಯನ್ ಹೆಂಡರ್ಸನ್ ಡ್ರಾಫ್ಟಿಗೆ ಹೋಗದೆ ಇನ್ನೊಂದು ವರ್ಷ ಉಳಿದರು. 2025ರ ಜನವರಿ 10ರಂದು ಅದೇ ಸ್ಟೇಡಿಯಂ, ಅದೇ ಕಾಟನ್ ಬೌಲ್, ಈ ಸಲ ಪ್ಲೇಆಫ್ ಸೆಮಿಫೈನಲ್. ಟೆಕ್ಸಸ್ ತಂಡ ನಮ್ಮ ಗೋಲ್‌ಲೈನ್ ಹತ್ತಿರ ಬಂದು ಸಮ ಮಾಡುವ ಹಂತದಲ್ಲಿತ್ತು. ಸಾಯರ್ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಉದುರಿಸಿ, ಅದನ್ನು ತಾನೇ ಎತ್ತಿಕೊಂಡು 83 ಗಜ ಓಡಿದ. 28-14. ಹತ್ತು ದಿನ ಕಳೆದು ಅಟ್ಲಾಂಟಾದಲ್ಲಿ ಚಾಂಪಿಯನ್ ಆದರು. ಆ ಓಟ ನೋಡುವಾಗ ನಮ್ಮ ಮನೆಯಲ್ಲಿ ಕೂತವರು ಯಾರೂ ಕೂತಿರಲಿಲ್ಲ.

ಆಯ್ಕೆಯನ್ನು ಅಳೆಯುವ ಬಗೆ

ಇದೇ ಮುಖ್ಯ ಭಾಗ. ನಿಧಾನವಾಗಿ ಓದಿ.

2024ರ ಮೇ 18, ಚಿನ್ನಸ್ವಾಮಿ ಸ್ಟೇಡಿಯಂ. ಆರ್‌ಸಿಬಿ ಮತ್ತು ಚೆನ್ನೈ. ಪ್ಲೇಆಫ್‌ಗೆ ಹೋಗಲು ಆರ್‌ಸಿಬಿ 18 ರನ್ ಅಂತರದಲ್ಲಿ ಗೆಲ್ಲಬೇಕಿತ್ತು. ಆ 18 ಅನ್ನುವ ಸಂಖ್ಯೆ ಗ್ಯಾಲರಿಯಲ್ಲಿದ್ದ ಮಗುವಿಗೂ ಗೊತ್ತಿತ್ತು. 27 ರನ್‌ನಿಂದ ಗೆದ್ದರು, ಒಳಗೆ ಬಂದರು. ಚೆನ್ನೈನವರಿಗೆ ದುಃಖ ಆಯಿತು, ಆದರೆ ಮೋಸ ಆಯಿತು ಅನ್ನಲು ದಾರಿ ಇರಲಿಲ್ಲ. ಕಾಲೇಜ್ ಫುಟ್‌ಬಾಲ್‌ನಲ್ಲಿ ಆ 18 ಇಲ್ಲ. ನೂರಮೂವತ್ತಕ್ಕೂ ಹೆಚ್ಚು ತಂಡಗಳು. ಒಂದೊಂದೂ ಆಡುವುದು 12 ಮ್ಯಾಚ್. ಹೆಚ್ಚಿನವು ಒಂದನ್ನೊಂದು ನೋಡುವುದೇ ಇಲ್ಲ. ಹಾಗಾಗಿ 13 ಜನರ ಒಂದು ಸಮಿತಿ ಟೆಕ್ಸಸ್‌ನ ಗ್ರೇಪ್‌ವೈನ್‌ನ ಹೋಟೆಲಿನಲ್ಲಿ ಸೇರಿ ರ‍್ಯಾಂಕಿಂಗ್ ಮಾಡುತ್ತದೆ. ಎದುರಾಳಿಗಳು ಎಷ್ಟು ಬಲವಾದವರು, ಪರಸ್ಪರ ಆಡಿದಾಗ ಯಾರು ಗೆದ್ದರು, ತಮ್ಮ ಕಾನ್ಫರೆನ್ಸಿಗೆ (ಕಾಲೇಜುಗಳ ಗುಂಪು) ಚಾಂಪಿಯನ್ ಆದರಾ ಇವೆಲ್ಲ ನೋಡುತ್ತಾರೆ. ಯಾವುದಕ್ಕೆ ಎಷ್ಟು ತೂಕ ಅಂತ ಬರೆದಿಟ್ಟಿಲ್ಲ. ನನ್ನ ತಕರಾರು ಇದೊಂದೇ. ಅಳತೆಗೋಲು ಮ್ಯಾಚಿಗೆ ಮುಂಚೆ ಎಲ್ಲರಿಗೂ ಗೊತ್ತಿರಬೇಕು.

ಅವರ ಅಳತೆಗೋಲು ಕಾಣದಿದ್ದರೆ ನಮ್ಮದನ್ನು ಮಾಡಿಕೊಳ್ಳೋಣ. ಕಾನ್ಫರೆನ್ಸ್ ಫೈನಲ್‌ಗಳು ಮುಗಿದ ಶನಿವಾರ ರಾತ್ರಿ, ಸಮಿತಿಯ ಪಟ್ಟಿ ಬರುವ ಮುಂಚೆ, ನಿಮ್ಮ ಪಟ್ಟಿ ಬರೆಯಿರಿ. ಭಾನುವಾರ ಬರೆದರೆ ಲೆಕ್ಕಕ್ಕಿಲ್ಲ. ತಂಡದ ಹೆಸರು ಬರೆಯಬೇಡಿ. ಅ, ಆ, ಇ ಅಂತ ಹಾಕಿ. ಪ್ರತಿಯೊಂದರ ಮುಂದೆ ಇಷ್ಟು ಬರೆಯಿರಿ: ಎಷ್ಟು ಗೆಲುವು, ಎಷ್ಟು ಸೋಲು. ಯಾವ ಒಳ್ಳೆಯ ತಂಡವನ್ನು ಎಲ್ಲಿ ಸೋಲಿಸಿತು. ಯಾರಿಗೆ ಎಲ್ಲಿ ಸೋತಿತು. ಚಾಂಪಿಯನ್ ಆಯಿತಾ. ನಮ್ಮ ಮನೆಯಲ್ಲಿ ಯಜಮಾನ್ರು ಹೆಸರು ಮುಚ್ಚಿ ಬರೆದು ಕೊಡುತ್ತಾರೆ, ನಾನೂ ಮಗಳೂ ಬೇರೆ ಬೇರೆ ಕೂತು ನಂಬರ್ ಹಾಕುತ್ತೇವೆ. ಹೆಸರು ಕಂಡರೆ ಕೈ ತಾನಾಗಿ ದೊಡ್ಡ ಕಾಲೇಜಿನ ಕಡೆ ಹೋಗುತ್ತದೆ.

2023ರದ್ದನ್ನು ಹೀಗೆ ಹಾಕಿ ನೋಡಿ. ಆಗ ನಾಲ್ಕೇ ಜಾಗ. ಎರಡು ಸೋಲದ ತಂಡಗಳಿಗೆ ಹೋಗಿಯಾಗಿದೆ. ಉಳಿದಿದ್ದು ಎರಡು. ಅ: 13 ಗೆಲುವು, ಸೋಲು ಇಲ್ಲ, ಚಾಂಪಿಯನ್. ಆ: 12 ಗೆಲುವು, ಒಂದು ಸೋಲು, ಚಾಂಪಿಯನ್. ಸ್ವಂತ ಮೈದಾನದಲ್ಲಿ ‘ಇ’ಗೆ 34-24 ಸೋತಿದೆ. ಕೊನೆಯ ಮ್ಯಾಚಿನಲ್ಲಿ ಅಲ್ಲಿಯವರೆಗೆ ಸೋಲದ, ದೇಶದ ಒಂದನೇ ನಂಬರ್ ತಂಡವನ್ನು 27-24 ಸೋಲಿಸಿದೆ. ಇ: 12 ಗೆಲುವು, ಒಂದು ಸೋಲು, ಚಾಂಪಿಯನ್, ‘ಆ’ವನ್ನು ಅದರ ಮನೆಯಲ್ಲೇ ಸೋಲಿಸಿದೆ. ನಿಮ್ಮ ಇಬ್ಬರು ಯಾರು ಅಂತ ಬರೆದಿಡಿ.

ಈಗ ಒಂದು ಮಾಹಿತಿ ಸೇರಿಸಿ. ‘ಅ’ ತಂಡದ ಕ್ವಾರ್ಟರ್‌ಬ್ಯಾಕ್‌ನ ಕಾಲು ನವೆಂಬರ್ 18ರಂದು ಮುರಿದಿದೆ. ನಿಮ್ಮ ಉತ್ತರ ಬದಲಾಯಿತಾ? ಬದಲಾದರೆ ನೀವು ತಂಡ ಏನು ಮಾಡಿತು ಅನ್ನುವುದನ್ನು ಬಿಟ್ಟು, ಮುಂದೆ ಏನಾಗಬಹುದು ಅನ್ನುವುದಕ್ಕೆ ನಂಬರ್ ಕೊಡುತ್ತಿದ್ದೀರಿ.

ಅ ಅಂದರೆ ಫ್ಲಾರಿಡಾ ಸ್ಟೇಟ್. ಆ ಅಲಬಾಮಾ. ಇ ಟೆಕ್ಸಸ್. ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್. ಅವನಿಲ್ಲದೆಯೂ ಫ್ಲಾರಿಡಾ ಸ್ಟೇಟ್ ಎರಡು ಮ್ಯಾಚ್ ಗೆದ್ದಿತ್ತು. ಕೊನೆಯದನ್ನು ಮೂರನೇ ನಂಬರಿನ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು ಲೂಯಿವಿಲ್ ವಿರುದ್ಧ 16-6. ಆದರೂ ಹೊರಗೆ. ದೊಡ್ಡ ಕಾನ್ಫರೆನ್ಸಿನ ಸೋಲದ ಚಾಂಪಿಯನ್‌ನನ್ನು ಪ್ಲೇಆಫ್‌ನಿಂದ ಹೊರಗಿಟ್ಟಿದ್ದು ಅದೇ ಮೊದಲು. ಮುಖ್ಯ ಆಟಗಾರ ಇಲ್ಲದಿದ್ದರೆ ಅದನ್ನು ಪರಿಗಣಿಸಬಹುದು ಅನ್ನುವ ಸಾಲು ಸಮಿತಿಯ ನಿಯಮದಲ್ಲಿ ಮೊದಲೇ ಇತ್ತು, ನಿಜ. ಒಂದು ಕಾಲು ಮುರಿತ 13 ಗೆಲುವುಗಳಿಗಿಂತ ಭಾರ ಅಂತ ಮಾತ್ರ ಎಲ್ಲೂ ಇರಲಿಲ್ಲ.

ಆಮೇಲೆ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ವಿರುದ್ಧ ಫ್ಲಾರಿಡಾ ಸ್ಟೇಟ್ 63-3 ಸೋತಿತು. ಬೌಲ್ ಇತಿಹಾಸದಲ್ಲೇ ಅತಿ ದೊಡ್ಡ ಅಂತರದ ಸೋಲು. ನೋಡಿ, ಸಮಿತಿಯೇ ಸರಿ ಅಂತ ಬಹಳ ಜನ ಈಗಲೂ ಹೇಳುತ್ತಾರೆ. ಈ ಮಾತು ಒಪ್ಪಬೇಡಿ. ಮೇಲೆ ಹೇಳಿದ ಗೈರುಹಾಜರಿ ಪಟ್ಟಿ ತೆಗೆಯಿರಿ. ಆಪ್ಟ್ ಔಟ್, ಪೋರ್ಟಲ್, ಗಾಯ ಸೇರಿ ಇಪ್ಪತ್ತಕ್ಕೂ ಹೆಚ್ಚು ಹುಡುಗರು ಆ ದಿನ ಇರಲಿಲ್ಲ. ಪ್ಲೇಆಫ್ ಸಿಕ್ಕಿದ್ದರೆ ಅವರಲ್ಲಿ ಬಹಳ ಜನ ಆಡುತ್ತಿದ್ದರು. ಹೊರಗಿಟ್ಟಿದ್ದರಿಂದ ತಂಡ ಖಾಲಿಯಾಯಿತು. ಖಾಲಿಯಾದ ತಂಡದ ಸೋಲನ್ನು ಹೊರಗಿಟ್ಟಿದ್ದಕ್ಕೆ ಸಾಕ್ಷಿ ಮಾಡುವುದು ತಪ್ಪು. ಬೌಲ್ ಫಲಿತಾಂಶ ಇಟ್ಟುಕೊಂಡು ಆಯ್ಕೆಯನ್ನು ಯಾವತ್ತೂ ಅಳೆಯಬೇಡಿ.

ಕೊಲಂಬಸ್‌ನಲ್ಲಿ ಕೂತು ನಾನು ಇದನ್ನು ಇನ್ನೂ ಗಟ್ಟಿಯಾಗಿ ಹೇಳಲು ಕಾರಣ ಇದೆ. 2014ರಲ್ಲಿ ನಮ್ಮ ಮೊದಲ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್‌ಟನ್ ಮಿಲ್ಲರ್ ಆಗಸ್ಟ್‌ನಲ್ಲೇ ಭುಜಕ್ಕೆ ಗಾಯ ಮಾಡಿಕೊಂಡ. ಎರಡನೆಯವನು ಜೆ.ಟಿ. ಬ್ಯಾರೆಟ್. ಮಿಶಿಗನ್ ವಿರುದ್ಧ ಆಡುವಾಗ ಅವನ ಕಣಕಾಲು ಮುರಿಯಿತು. ಮೂರನೆಯವನು ಕಾರ್ಡೇಲ್ ಜೋನ್ಸ್. ಅವನು ಬಂದು ಬಿಗ್ ಟೆನ್ ಕಾನ್ಫರೆನ್ಸ್ ಫೈನಲ್‌ನಲ್ಲಿ ವಿಸ್ಕಾನ್ಸಿನ್ ವಿರುದ್ಧ 59-0 ಗೆಲ್ಲಿಸಿದ. ಸಮಿತಿ ನಮ್ಮನ್ನು ಐದರಿಂದ ನಾಲ್ಕಕ್ಕೆ ಏರಿಸಿ ಒಳಗೆ ತೆಗೆದುಕೊಂಡಿತು. ಆ ಮೂರನೆಯ ಹುಡುಗ ಅಲಬಾಮಾವನ್ನೂ ಆರೆಗನ್ ತಂಡವನ್ನೂ ಸೋಲಿಸಿ ಚಾಂಪಿಯನ್‌ಶಿಪ್ ತಂದುಕೊಟ್ಟ. ಮೂರನೇ ಕ್ವಾರ್ಟರ್‌ಬ್ಯಾಕ್ ಏನು ಮಾಡಬಲ್ಲ ಅಂತ ಮೊದಲೇ ತೀರ್ಮಾನಿಸುವುದು ತಪ್ಪು ಅಂತ ಪ್ಲೇಆಫ್‌ನ ಮೊದಲ ವರ್ಷವೇ ತೋರಿಸಿತ್ತು. ಸಮಿತಿ ನಮ್ಮನ್ನು ಏರಿಸಿದ ಅದೇ ವಾರ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ತಂಡ ಮೂರನೇ ಸ್ಥಾನದಲ್ಲಿತ್ತು. ಕೊನೆಯ ಮ್ಯಾಚ್ 55-3 ಗೆದ್ದಿತು. ಗೆದ್ದು ಆರನೇ ಸ್ಥಾನಕ್ಕೆ ಇಳಿಯಿತು. ಐದನೆಯದಾಗಿ ಅದರ ಮೇಲೆ ಬಂದ ಬೇಲರ್, ಟಿಸಿಯುವನ್ನು 61-58 ಸೋಲಿಸಿತ್ತು ಅನ್ನುವುದು ಸರಿ. ಆ ಮಾತನ್ನು ವಾರಗಟ್ಟಲೆ ಮೊದಲೇ ಹೇಳಬೇಕಿತ್ತು. ನಮ್ಮ ಊರಿನ ಕಪ್ ನನಗೆ ಪ್ರೀತಿಯದು. ಟಿಸಿಯುವಿನವರಿಗೆ ಆದ ನೋವೂ ನಿಜವಾದದ್ದು.

2025ರಲ್ಲೂ ಇದೇ ಥರ ಆಯಿತು. ಮಯಾಮಿ ಮತ್ತು ನೋಟರ್ ಡೇಮ್, ಎರಡೂ 10 ಗೆಲುವು, ಎರಡು ಸೋಲು. ಆಗಸ್ಟ್ 31ರಂದೇ ಮಯಾಮಿ 27-24 ಗೆದ್ದಿತ್ತು. ಆದರೂ ನವೆಂಬರ್ ಪೂರ್ತಿ ಸಮಿತಿ ಪ್ರತಿ ಮಂಗಳವಾರ ಬಿಡುವ ಪಟ್ಟಿಯಲ್ಲಿ ನೋಟರ್ ಡೇಮ್ ಮೇಲೆ. ಕೊನೆಯ ವಾರ ಎರಡೂ ಆಡಲೇ ಇಲ್ಲ. ಮಧ್ಯದಲ್ಲಿದ್ದ ಬಿವೈಯು ಸೋತು ಕೆಳಗೆ ಬಂತು. ಆಗ ಸಮಿತಿಗೆ ಆಗಸ್ಟ್ ಫಲಿತಾಂಶ ಮುಖ್ಯವಾಯಿತು. ಮಯಾಮಿ 10, ನೋಟರ್ ಡೇಮ್ 11. ಕೆಳಗಿನ ರ‍್ಯಾಂಕಿನ ಎರಡು ಚಾಂಪಿಯನ್ ತಂಡಗಳಿಗೆ ಜಾಗ ಖಾತ್ರಿ ಇದ್ದಿದ್ದರಿಂದ ನೋಟರ್ ಡೇಮ್ ಹೊರಗೆ. ಪಟ್ಟಿ ಸರಿ ಅಂತಲೇ ನನ್ನ ಅಭಿಪ್ರಾಯ. ಎದುರುಬದುರು ಆಡಿ ಗೆದ್ದವರು ಮೇಲಿರಬೇಕು. ದಾರಿ ತಪ್ಪು. ವಾರ ವಾರ ಆಸೆ ತೋರಿಸಿ ಕೊನೆಗೆ ಕಿತ್ತುಕೊಂಡರು. ಟಿವಿ ಕಾರ್ಯಕ್ರಮಕ್ಕಾಗಿ ಪ್ರತಿ ಮಂಗಳವಾರ ಪಟ್ಟಿ ಬಿಡುವುದನ್ನೇ ನಿಲ್ಲಿಸಬೇಕು. ನೋಟರ್ ಡೇಮ್ ಸಿಟ್ಟಿನಿಂದ ಬೌಲ್ ಆಡುವುದಿಲ್ಲ ಅಂತ ಇಡೀ ತಂಡವೇ ಹಿಂದೆ ಸರಿಯಿತು. ಅದು ನನಗೆ ಬೇಜಾರು ತಂದಿತು. ಡ್ರಾಫ್ಟಿಗೆ ಹೋಗುವವರು ಕೆಲವರು. ಉಳಿದ ಸೀನಿಯರ್‌ಗಳಿಗೆ, ಬ್ಯಾಂಡಿನ ಮಕ್ಕಳಿಗೆ ಅದೇ ಕೊನೆಯ ಮ್ಯಾಚ್ ಆಗಬಹುದಿತ್ತು.

ಚಿಕ್ಕ ಕಾಲೇಜುಗಳ ವಿಷಯಕ್ಕೂ ಅದೇ ಅಳತೆಗೋಲು ಹಿಡಿಯಿರಿ. 2017ರಲ್ಲಿ ಯುಸಿಎಫ್ (ಸೆಂಟ್ರಲ್ ಫ್ಲಾರಿಡಾ ಯೂನಿವರ್ಸಿಟಿ) ಒಂದೂ ಸೋಲಲಿಲ್ಲ. ಸಮಿತಿ ಕೊಟ್ಟ ಸ್ಥಾನ 12. ಪೀಚ್ ಬೌಲ್‌ನಲ್ಲಿ ಆಬರ್ನ್ ತಂಡವನ್ನು 34-27 ಸೋಲಿಸಿತು. ಆ ಆಬರ್ನ್ ಅದೇ ಸೀಸನ್‌ನಲ್ಲಿ ಅಲಬಾಮಾವನ್ನೂ ಜಾರ್ಜಿಯಾವನ್ನೂ ಸೋಲಿಸಿತ್ತು. ರಾಷ್ಟ್ರೀಯ ಫೈನಲ್ ಆಡಿದ್ದು ಆ ಎರಡೇ. ಯುಸಿಎಫ್ ಏನು ಮಾಡಿದ್ದರೆ ಒಳಗೆ ಬರುತ್ತಿತ್ತು? ಅವರ ಕೈಯಲ್ಲಿ ಏನೂ ಇರಲಿಲ್ಲ. ಇದೇ ನಿಜವಾದ ಅನ್ಯಾಯ. 2024, 2025ರ ನಿಯಮದಲ್ಲಿ ಅತಿ ಮೇಲಿನ ರ‍್ಯಾಂಕಿನ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಜಾಗ ಖಾತ್ರಿ ಇತ್ತು. 2025ರಲ್ಲಿ 20ನೇ ರ‍್ಯಾಂಕಿನ ಟುಲೇನ್ ಮತ್ತು 24ನೇ ರ‍್ಯಾಂಕಿನ ಜೇಮ್ಸ್ ಮ್ಯಾಡಿಸನ್ ಹಾಗೆ ಒಳಗೆ ಬಂದವು. ಎರಡೂ ಮೊದಲ ಸುತ್ತಿನಲ್ಲಿ ಸೋತವು. ಸುಮ್ನೆ ಜಾಗ ಹಾಳು ಅಂದವರಿಗೆ ನನ್ನ ಉತ್ತರ: ನಿಯಮ ಆಗಸ್ಟ್‌ನಲ್ಲೇ ಎಲ್ಲರಿಗೂ ಗೊತ್ತಿತ್ತು. ಅವರು ಅದನ್ನು ಪೂರೈಸಿದರು, ಬಂದರು.

ಉಳಿದ ಬೌಲ್‌ಗಳನ್ನು ನೋಡುವುದು

ಹಾಳೆಯ ಬಲಭಾಗವನ್ನು ಬಿಸಾಡಬೇಡಿ. ಯಾರು ದೊಡ್ಡವರು ಅಂತ ತೀರ್ಮಾನಿಸಲು ಅವುಗಳನ್ನು ನೋಡಬೇಡಿ, ಅಷ್ಟೇ. ದೊಡ್ಡ ಹೆಸರಿನವನು ಆಡದಿದ್ದರೆ ಅವನ ಜಾಗಕ್ಕೆ ಯಾರು ಬಂದರು ನೋಡಿ. ವರ್ಷವಿಡೀ ಬೆಂಚಿನಲ್ಲಿ ಕೂತವನಿಗೆ ಅಪ್ಪ ಅಮ್ಮನ ಮುಂದೆ ಆಡುವ ಅವಕಾಶ ಸಿಕ್ಕಿರುತ್ತದೆ. ಬೋಯ್ಸಿಯ ಐಡಾಹೊ ಪೊಟೇಟೊ ಬೌಲ್ ನಡೆಯುವುದು ನೀಲಿ ಬಣ್ಣದ ಮೈದಾನದಲ್ಲಿ. ಮಕ್ಕಳು ಇದ್ದರೆ ಅದನ್ನು ಹಾಕಿ. ಷಾರ್ಲೆಟ್‌ನ ಮೇಯೊ ಬೌಲ್‌ನಲ್ಲಿ ಗೆದ್ದ ಕೋಚ್ ತಲೆಯ ಮೇಲೆ ಮೇಯೊನೀಸ್ ಸುರಿಯುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಅಭಿಮಾನಿಗಳಿದ್ದಾರೆ.

ಹತ್ತಿರದ ಊರಿನಲ್ಲಿ ಬೌಲ್ ಇದ್ದರೆ ಹೋಗಿಬನ್ನಿ. ಚಿಕ್ಕ ಬೌಲ್‌ಗಳ ಟಿಕೆಟ್ ದೊಡ್ಡ ಮ್ಯಾಚ್‌ಗಳಿಗಿಂತ ಎಷ್ಟೋ ಅಗ್ಗ. ಪಾರದರ್ಶಕ ಬ್ಯಾಗ್ ಮಾತ್ರ ಒಳಗೆ ಬಿಡುತ್ತಾರೆ. ಮೂರೂವರೆ ಗಂಟೆ ಕೂರಬೇಕು, ಸ್ವೆಟರ್ ಮೇಲೆ ಇನ್ನೊಂದು ಹಾಕಿಕೊಳ್ಳಿ. ಹಾಫ್‌ಟೈಮ್‌ನಲ್ಲಿ ಪಾಪ್‌ಕಾರ್ನ್ ತರಲು ಏಳಬೇಡಿ, ಬ್ಯಾಂಡ್ ಬರುತ್ತದೆ. ಮನೆಯಲ್ಲಿ ನೋಡುವುದಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸಾಕು. ಬಜ್ಜಿಯನ್ನು ಜಾಹೀರಾತು ಬಂದಾಗ ಕರಿಯಿರಿ. ಜಾಹೀರಾತು ಬೇಕಾದಷ್ಟು ಬರುತ್ತದೆ.

ಹಾಳೆಯನ್ನು ಸೆಪ್ಟೆಂಬರ್‌ನಲ್ಲೇ ಶುರುಮಾಡಿ

ಡಿಸೆಂಬರ್‌ನಲ್ಲಿ ನೆನಪಿನಿಂದ ಬರೆಯಲು ಹೋದರೆ ಕೊನೆಯ ಮೂರು ವಾರ ಮಾತ್ರ ತಲೆಯಲ್ಲಿರುತ್ತದೆ. ಸೀಸನ್ ಶುರುವಾದಾಗಲೇ ಬೇರೆ ಬೇರೆ ಕಾನ್ಫರೆನ್ಸಿನ ದೊಡ್ಡ ತಂಡಗಳು ಎದುರಾಗುವ ಮ್ಯಾಚ್‌ಗಳನ್ನು ಬರೆದುಕೊಳ್ಳಿ. 2025ರ ಆಗಸ್ಟ್ 30ರಂದು ಟೆಕ್ಸಸ್ ತಂಡ ಕೊಲಂಬಸ್‌ಗೆ ಬಂದು 14-7 ಸೋತಿತು. ಸೀಸನ್ ಮುಗಿದಾಗ 9 ಗೆಲುವು, 3 ಸೋಲು. ಪ್ಲೇಆಫ್ ಸಿಗಲಿಲ್ಲ. ಇಲ್ಲಿಗೆ ಬರುವ ಬದಲು ಯಾವುದೋ ಸುಲಭದ ತಂಡವನ್ನು ಮನೆಗೆ ಕರೆಸಿ ಆಡಿದ್ದರೆ 10-2 ಆಗುತ್ತಿತ್ತು, ಮಾತೇ ಬೇರೆ ಆಗುತ್ತಿತ್ತು. ಒಳ್ಳೆಯ ಮ್ಯಾಚ್ ಆಡಿದವರಿಗೆ ಶಿಕ್ಷೆ ಆದರೆ ಮುಂದೆ ಯಾರೂ ಅಂಥ ಮ್ಯಾಚ್ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ನಿಮ್ಮ ಹಾಳೆಯಲ್ಲಿ ಇಂಥ ಸೋಲಿಗೆ ಬೇರೆ ಬಣ್ಣದ ಪೆನ್ ಬಳಸಿ. 2026ರ ಸೆಪ್ಟೆಂಬರ್‌ನಲ್ಲಿ ನಮ್ಮ ತಂಡ ಆಸ್ಟಿನ್‌ಗೆ ಹೋಗಬೇಕು. ಅಲ್ಲಿ ನಾವು ಸೋತರೂ ಆ ಬಣ್ಣದಲ್ಲೇ ಬರೆಯಬೇಕು ಅಂತ ಮಗಳಿಗೆ ಈಗಲೇ ಹೇಳಿದ್ದೇನೆ.